ಹೊತ್ತು ಮುಳುಗದ ದೇಶಕ್ಕೆ ನೇಯಿಸಿದ ಕಂಬಳಿ

ಯೂರೋಪು ಖಂಡದ ಭೂಗೋಳ ಕಲಿಯುವುದಕ್ಕೆ ನನಗೆ ಒಂದು ಕರಿ ಕಂಬಳಿ ಹಿಡಿಯಿತು. ಅದೂ ನೀರು ಹೊಯ್ದರೆ ಒಳಕ್ಕಿಳಿಯದ ಬಿಗಿ ನೇಯ್ಗೆಯದು. ಹೊಳಲ್ಕೆರೆಯ ಶಾಲೆಯ ಮೇಷ್ಟರು ಅದನ್ನು ಹೊದ್ದು ನೋಡಿ, ಮಡಿಸಿ ಪಕ್ಕಕ್ಕಿಟ್ಟುಕೊಂಡ ಮೇಲೇ ಪುಸ್ತಕ ಬಿಚ್ಚಿದ್ದು.

ತಲೆಯ ಮೇಲೆ ಕಂಬಳಿ ಹೊತ್ತು ಸಂತೆ ತಿರುಗಿ ಮೇಲೆ ಬಂದವನು ನಾನು. ಸುಮ್ಮನೆ ಕೊಡುವ ಪೈಕಿಯಲ್ಲ. ಚಿತ್ರದುರ್ಗದ ಮುಸಾಫರಿ ಬಂಗಲೆಯಲ್ಲಿ ಒಬ್ಬ ಬಿಳಿ ದೊರೆ ಇಳಿದಿದ್ದ. ಗುಡ್ಡಗಳಲ್ಲಿ ಅದಿರು ಹುಡುಕುವ ಕೆಲಸ, ಊರು ನಾರ್ವೆ. ನನ್ನ ಕಂಬಳಿ ಮುಟ್ಟಿ ನೋಡಿ, ತಮ್ಮ ದೇಶಕ್ಕೆ ಒಂದು ಗಾಡಿ ತುಂಬ ಬೇಕು, ಹಿಡಿಸಿದರೆ ವರ್ಷವರ್ಷವೂ ತರಿಸುತ್ತೇನೆ ಎಂದು ದುಭಾಷಿಯ ಬಾಯಲ್ಲಿ ಹೇಳಿಸಿದ. ಆ ವ್ಯಾಪಾರ ಕುದುರಿದ್ದರೆ ಸಂತೆ ಅಲೆಯುವುದು ನನಗೆ ಜನ್ಮಕ್ಕೇ ತಪ್ಪುತ್ತಿತ್ತು. ಕೊಳ್ಳುವವನ ಸೀಮೆ ತಿಳಿಯದೆ ಬೆಲೆ ಹೇಳುವುದು ನನ್ನ ಪದ್ಧತಿಯಲ್ಲ. ಅದಕ್ಕೇ ಮೇಷ್ಟರನ್ನು ಹಿಡಿದದ್ದು.

ಮೇಷ್ಟರು ಕಂಬಳಿಗೆ ಮೋಸ ಮಾಡಲಿಲ್ಲ. ಹಾಲೆಂಡಿನಲ್ಲಿ ಎಷ್ಟೋ ನೆಲ ಸಮುದ್ರಕ್ಕಿಂತ ತಗ್ಗಂತೆ. ನಾವು ಕೆರೆಗೆ ಏರಿ ಹಾಕಿದ ಹಾಗೆ ಅವರು ಸಮುದ್ರಕ್ಕೇ ಏರಿ ಹಾಕಿ ಬೇಸಾಯ ಮಾಡುತ್ತಾರಂತೆ. ಇಟಲಿ ದೇಶ ಪಟದಲ್ಲಿ ಥೇಟು ಮೊಣಕಾಲುದ್ದದ ಬೂಟು. ಐಸ್‌ಲೆಂಡಿನಲ್ಲಿ ಹಿಮದ ನಡುವೆಯೇ ಬೆಂಕಿ ಉಗುಳುವ ಬೆಟ್ಟ. ನಾರ್ವೆಯ ಬಡಗಣ ತುದಿಯಲ್ಲಂತೂ ಬೇಸಗೆಯ ಎಷ್ಟೋ ದಿನ ಸೂರ್ಯ ಮುಳುಗುವುದೇ ಇಲ್ಲ!

ಅದೇ ಹುರುಪಿನಲ್ಲಿ ಶ್ರೀರಾಂಪುರದ ಹತ್ತಿರದ ಕುರುಬರ ಹಟ್ಟಿಗೆ ಉಣ್ಣೆ ಹೇರಿಕೊಂಡು ಹೋದೆ. ನನಗೆ ನೇಯ್ದುಕೊಡುತ್ತಿದ್ದ ಅಜ್ಜ ಮಗ್ಗದಲ್ಲಿದ್ದ, ಅವನ ಹೆಂಡತಿ ನೂಲುತ್ತಿದ್ದಳು.

“ಬರ್ರಿ ಸಾವ್ಕಾರ್ರೆ, ಕುಂತ್ಕಳ್ರಿ. ಈ ಸಲ ಯಾವ ಸಂತಿಗೆ?”

“ಸಂತಿಗಲ್ಲಜ್ಜ, ಸಮುದ್ರದಾಚಿಗೆ. ಆ ಸೀಮ್ಯಾಗೆ ಹೊತ್ತೇ ಮುಳುಗಲ್ಲ, ಗೊತ್ತೈತಾ?”

ಅಜ್ಜಿ ನೂಲುವುದು ನಿಲ್ಲಿಸಿದಳು. “ಹಂಗಾದ್ರೆ ಕುರಿ ಯಾವಾಗ ಹಟ್ಟಿಗೆ ಬರ್ತಾವೆ?”

“ನೋಡ್ರಿ, ಕುರೀದೇ ಚಿಂತಿ ಇವ್ಳಿಗೆ. ಗಂಡ ಯಾವಾಗ ಉಣ್ಣಾಕೆ ಬರ್ತಾನೆ ಅಂತ ಕೇಳ್ಲಿಲ್ಲ,” ಎಂದ ಅಜ್ಜ.

“ನೀನು ಹೊತ್ತಿರಂಗೇ ಗಂಗಾಳದ ಮುಂದೆ ಕುಂತಿರ್ತೀಯ. ಕೇಳಾದೇನೈತೆ?”

ನಕ್ಕೆವು. ಹಾಲೆಂಡಿನ ಏರಿಯನ್ನೂ ಇಟಲಿಯ ಬೂಟನ್ನೂ ಹೇಳಿದೆ. ಉದ್ದ, ಅಗಲ, ಎಷ್ಟು ಬೇಕು ಎಲ್ಲ ಹೇಳಿದೆ. ಅದು ಚಳಿಯ ದೇಶ ಎಂದು ಮಾತ್ರ ಹೇಳಲಿಲ್ಲ. ಕಂಬಳಿ ಬೇಡುವವನಿಗೆ ಚಳಿಯಲ್ಲದೆ ಮತ್ತೇನು ಎಂದುಕೊಂಡಿದ್ದೆ.

ದೊರೆ ಹೊರಡುವ ಹಿಂದಿನ ದಿನ ಸರಕು ತರಲು ಹೋದೆ. ಕಂಬಳಿಗಳನ್ನು ಬಂಡೆಯ ಮೇಲೆ ಹರವಿದ್ದರು. ಒಂದನ್ನು ಎತ್ತಿ ಹಿಡಿದರೆ ಆಚೆ ನಿಂತ ಅಜ್ಜನ ಮುಖ ಕಾಣುತ್ತಿತ್ತು! ಅಷ್ಟು ತೆಳು. ಮೇಲಾಗಿ ಹುಣಸೆಬೀಜದ ಗಂಜಿ ಕುಡಿಸಿ ಕುಡಿಸಿ ಹಲಗೆಯಂತೆ ಸೆಟೆದಿತ್ತು.

“ಇದೇನಜ್ಜ ಇದು?”

“ಹಗ್ಲೂ ರಾತ್ರಿ ಬಿಸ್ಲಿರೋ ಸೀಮೆ ಅಂದ್ರಲ್ಲ. ದಪ್ಪ ನೇಯ್ದ್ರೆ ಬೆಂದೋಗ್ತಾರೆ ಪಾಪ. ನೆಳ್ಳು ಕಟ್ಕಳಾಕೆ ಹಿಂಗೇ ಇರ್ಬೇಕು.”

ಕುರಿ ಕಾಯುವಲ್ಲಿ ಕೋಲು ನೆಟ್ಟು ಮೇಲೆ ಕಂಬಳಿ ಹರವಿ ನೆರಳು ಮಾಡಿಕೊಳ್ಳುವ ಜನ ಅವರು. ಅವರ ಲೆಕ್ಕಕ್ಕೆ ಕಂಬಳಿ ಚಳಿಗೆಷ್ಟೋ ಬಿಸಿಲಿಗೂ ಅಷ್ಟೇ. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

“ಅಲ್ಲಿ ನೀರು ಗಡ್ಡೆ ಕಟ್ಟೋ ಚಳಿ ಅಜ್ಜ!”

“ಹೊತ್ತು ಮುಳುಗ್ದಿದ್ರೂ ಚಳಿಯಾ? ಏನ್ರಿ, ಯಾರ ಕಿವಿಗೆ ಹೂವ ಇಡ್ತೀರ?”

ಅದು ಹೇಗೆಂದು ನನಗೂ ಗೊತ್ತಿರಲಿಲ್ಲ, ಮೇಷ್ಟರನ್ನು ಕೇಳಿರಲಿಲ್ಲ. ಬೇರೆ ಸರಕು ನೇಯಿಸಲು ಹೊತ್ತೂ ಇರಲಿಲ್ಲ. ಇದ್ದದ್ದನ್ನೇ ಗಾಡಿಗೆ ಹೇರಿ ಚಿತ್ರದುರ್ಗಕ್ಕೆ ಹೊಡೆಸಿದೆ. ದೊರೆ ಒಂದನ್ನು ಕಿಟಕಿಗೆ ಹಿಡಿದ. ಕಂಬಳಿಯೊಳಗಿಂದಲೇ ಕೋಟೆ ಕಂಡಿರಬೇಕು. ಏನೋ ಅಂದ. ಏನಂದರು ಎಂದು ದುಭಾಷಿಯನ್ನು ಕೇಳಿದೆ.

“ಅದು ಕನ್ನಡದಾಗೆ ಬ್ಯಾಡ ಬಿಡ್ರಿ,” ಎಂದ.

ದೊರೆ ಬರಿಗೈಯಲ್ಲಿ ಹೋದ. ಸರಕನ್ನು ಹಿರಿಯೂರು ಸಂತೆಯಲ್ಲಿ ಅಂಗಡಿ ಹೂಡುವವರಿಗೆ ನೆರಳಿಗೆಂದು ಸಿಕ್ಕಿದ ಬೆಲೆಗೆ ತಳ್ಳಿದೆ.

ನೀವು ಸರಕು ಮಾಡಿಸುವವರಾದರೆ ನನ್ನ ಮಾತು ಕೇಳಿ. ನೇಯುವವನಿಗೆ ಕೊಳ್ಳುವವನ ದೇಶದ ವರ್ಣನೆ ಬೇಡ. ಮಾದರಿ ಕಂಬಳಿಯೊಂದನ್ನು ಕೊಟ್ಟು, ತೂಕ ಹಾಕಿ ತೋರಿಸಿ, ಇದರಂತೆಯೇ ಎನ್ನಿ. ಮೊದಲನೆಯದು ಮಗ್ಗದಿಂದ ಇಳಿಯುವ ತನಕ ಹಟ್ಟಿ ಬಿಟ್ಟು ಕದಲಬೇಡಿ. ಗಂಜಿ ಕುಡಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಖಂಡಾಂತರದ ಸೋಜಿಗಗಳನ್ನು ಹೇಳಲೇಬೇಕೆನಿಸಿದರೆ, ಸರಕು ಗಾಡಿಗೆ ಏರಿದ ಮೇಲೆ ಹೇಳಿ.