ಹೊಳೆಯಾಚೆ ಬಿದ್ದ ಚುಕ್ಕಿ

ಆ ಸಂಜೆ ದಾವಣಗೆರೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಬೆಂಕಿ ಹರಿಹರದ ಮೇಲೆ ಬಿತ್ತು. ನಾನೂ ಕಣ್ಣಾರೆ ಕಂಡಿದ್ದೆ. ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಮನೆಗೆ ಬರುತ್ತಿದ್ದೆ. ಹಸಿರು ಬೆಂಕಿಯ ಉಂಡೆಯೊಂದು ತಲೆಯ ಮೇಲಿಂದ ಪಶ್ಚಿಮಕ್ಕೆ ಹರಿದು ಮಿಲ್ಲಿನ ಚಿಮಣಿಯ ಹಿಂದೆ ಮಾಯವಾಯಿತು. ರಷ್ಯಾದವರು ಹಾರಿಸಿದ ಉಪಗ್ರಹ ಕೆಟ್ಟು ಬಿತ್ತು ಎಂದು ಒಬ್ಬರು, ಪ್ರಳಯವೇ ಬಂತು ಎಂದು ಇನ್ನೊಬ್ಬರು ಬೀದಿಯಲ್ಲಿ ವಾದ ಹೂಡಿದ್ದಾಗ, ತಡವಾಗಿ ಗುಡುಗಿನಂಥ ಸದ್ದು ಬಂದು ಕಿಟಕಿಗಳು ಅದುರಿದವು. ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದವಳು ನಾನು. ಅದು ಉಲ್ಕೆ, ಮೇಲೆಯೇ ಉರಿದುಹೋಗಿರುತ್ತದೆ ಎಂದು ಗೊತ್ತಿತ್ತು. ಆದರೂ ಮನಸ್ಸು ಹರಿಹರಕ್ಕೇ ಓಡಿತು. ಹರಿಹರದಲ್ಲಿ ನನ್ನ ಅಕ್ಕ ಕ್ಷಯದಿಂದ ಹಾಸಿಗೆ ಹಿಡಿದಿದ್ದಳು.

ಮರುದಿನ ಬೆಳಿಗ್ಗೆಯೇ ಭಾವ ಹೇಳಿಕಳಿಸಿದರು: ಅಕ್ಕ ಇಂಜೆಕ್ಷನ್ ಬೇಡವೆಂದು ಹಟ ಹಿಡಿದಿದ್ದಾಳೆ, ಕೂಡಲೇ ಬಾ. ನಡುವೆ ನಿಲ್ಲಿಸಿದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಸಿಕ್ಕ ರೈಲು ಹತ್ತಿದೆ.

ಅಕ್ಕ ಹಿತ್ತಲ ಮಂಚದಲ್ಲಿ ಹೊಳೆಯ ಕಡೆ ಮುಖ ಮಾಡಿ ಮಲಗಿದ್ದಳು. "ನನ್ನ ಚುಕ್ಕಿ ಉದುರಿತಲ್ಲೇ. ಇನ್ಯಾಕ ಸೂಜಿ?" ಎಂದಳು.

ಚುಕ್ಕಿ ಉದುರುವುದನ್ನು ಕಂಡವರು ತಡವರಿಸದೆ ಹೂವಿನ ಹೆಸರುಗಳನ್ನು ಹೇಳಿಕೊಳ್ಳಬೇಕು, ನಡುವೆ ನಿಲ್ಲಿಸಿದರೆ ಆ ಚುಕ್ಕಿ ಅವರದೇ, ಅವರ ಆಯುಸ್ಸು ಮುಗಿಯಿತು ಎಂಬುದು ನಮ್ಮ ಮನೆಯ ನಂಬಿಕೆ. ಚಿಕ್ಕವರಿದ್ದಾಗ ಅಂಗಳದಲ್ಲಿ ಮಲಗಿ ಇಬ್ಬರೂ ಪೈಪೋಟಿಯಲ್ಲಿ ಹೇಳುತ್ತಿದ್ದೆವು. ಈ ಸಲ ಅಕ್ಕ ಮಲ್ಲಿಗೆ, ಸೇವಂತಿಗೆ ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂದು ದಮ್ಮು ಕಟ್ಟಿತಂತೆ.

ನನಗೆ ಮೈಯೆಲ್ಲ ಉರಿಯಿತು. "ಅದು ಬಿದ್ದಿದ್ದೆಲ್ಲಿ?" ಎಂದು ಅವಳ ಅತ್ತೆಯನ್ನು ಕೇಳಿದೆ.

"ಹೊಳೆ ಆಚೆ ಬಿತ್ತವ್ವ, ನಾನೇ ನೋಡೀನಿ."

"ದಾವಣಗೆರೆಯಾಗ ಹರಿಹರದ ಮ್ಯಾಲೆ ಬಿತ್ತು ಅಂತಾರೆ. ಹೊಳೆ ಆಚೆಯವ್ರು ರಾಣೆಬೆನ್ನೂರಾಗ ಅಂತಿರ್ತಾರೆ. ಹತ್ತಾರು ಮೈಲಿ ಮ್ಯಾಲೆ ಉರಿದಿದ್ದು ಎಲ್ಲರಿಗೂ ಪಕ್ಕದೂರಾಗೆ ಬಿದ್ದಂಗೆ ಕಾಣ್ತೈತೆ. ಅದು ಬರೀ ಕಲ್ಲು, ಅಕ್ಕ."

ಅವಳು ಕಣ್ಣು ಮುಚ್ಚಿಕೊಂಡಳು. ಇಂಜೆಕ್ಷನ್ ಕೊಡಲು ಬಂದ ಕಾಂಪೌಂಡರು ಬಾಗಿಲಲ್ಲೇ ನಿಂತಿದ್ದರು. ಅವರ ಸೈಕಲ್ಲಿನಿಂದ ಪಂಪು ಕಿತ್ತುಕೊಂಡು ಬಂದೆ. ಅದರ ತುದಿಯನ್ನು ಹೆಬ್ಬೆರಳಿಂದ ಮುಚ್ಚಿ ಸಿಟ್ಟಿನಿಂದ ಒತ್ತಿದೆ, ಒತ್ತಿದೆ. ಆಮೇಲೆ ಅದೇ ತುದಿಯನ್ನು ಅಕ್ಕನ ಅಂಗೈಗೆ ಇಟ್ಟೆ.

"ಹೌದಲ್ಲೇ, ಬಿಸಿ ಐತೆ," ಎಂದಳು.

"ಕಲ್ಲು ಬರೋ ಜೋರಿಗೆ ಮುಂದಿನ ಗಾಳಿಗೆ ಸರಿಯೋಕೂ ಪುರುಸೊತ್ತಿಲ್ಲ. ಹಿಂಗೇ ಒತ್ತಿ ಒತ್ತಿ ಕಾಯ್ತೈತೆ. ಆ ಕಾವಿಗೆ ಕಲ್ಲೇ ಆವಿಯಾಗಿ ಹೋಗ್ತೈತೆ. ನಮ್ಮನ್ನ ಕಾಯೋದೇ ಗಾಳಿ."

ಗೆದ್ದೆ ಅಂದುಕೊಂಡೆ. ಅಕ್ಕ ಪಂಪನ್ನು ಹಿಡಿದುಕೊಂಡೇ ಒಂದಿಷ್ಟು ಹೊತ್ತು ಉಸಿರಿಗಾಗಿ ಕಾದಳು.

"ಕಲ್ಲು ಸುಡುವಷ್ಟು ಗಾಳಿ ಐತೆ ಅಂತೀಯ. ನನ್ನ ಒಂದು ಉಸಿರಿಗೆ ಯಾಕ ಸಾಲವಲ್ದು?"

ನನ್ನ ಬಿ.ಎಸ್ಸಿ. ಅಲ್ಲಿಗೆ ಮುಗಿಯಿತು. ಅವಳ ಪುಪ್ಪುಸ ಏನಾಗಿದೆಯೆಂದು ನಾನು ಯಾವ ಬಾಯಿಂದ ಹೇಳಲಿ?

"ಬ್ಯಾಡಂದ್ರೆ ನಾ ಹೊರಡ್ತೀನ್ರಿ, ಇನ್ನೂ ಮನೆ ಅದಾವೆ," ಎಂದು ಕಾಂಪೌಂಡರು ಪಂಪಿಗೆ ಕೈಚಾಚಿದರು. ನನಗೆ ದಿಕ್ಕು ತೋಚಲಿಲ್ಲ. ಅಕ್ಕನ ಮಂಚದ ಪಕ್ಕ ಕುಸಿದು ಕೂತೆ.

"ಅಕ್ಕ, ಅದೇ ಚುಕ್ಕಿನ ನಾನೂ ನೋಡೀನಿ. ಒಂದು ಹೂವಿನ ಹೆಸ್ರೂ ಹೇಳ್ಲಿಲ್ಲ. ಅದು ನಿಂದಾದ್ರೆ ನಂದೂ ಹೌದು."

ಅವಳು ಬೆಚ್ಚಿ ಎದ್ದು ಕೂರಲು ನೋಡಿದಳು. "ಥೂ, ಏನ್ ಮಾತಾಡ್ತೀಯೇ! ಬಿಡ್ತು ಅನ್ನು!"

"ನೀ ಸೂಜಿ ಹಾಕಿಸ್ಕೋ, ಅಂತೀನಿ."

"ಮೊದ್ಲು ಬಿಡ್ತು ಅನ್ನೇ!"

"ಅನ್ನಲ್ಲ."

ಅಕ್ಕ ನನ್ನನ್ನೇ ನೋಡುತ್ತ, ಕುಪ್ಪಸದ ತೋಳು ಮೇಲೆತ್ತಿದಳು. ಸೂಜಿ ಚುಚ್ಚಿದ ಮೇಲೆ ನಾನು ಬಿಡ್ತು ಎಂದೆ.

ಆಮೇಲೆ ಒಂದು ದಿನವೂ ಅವಳು ಇಂಜೆಕ್ಷನ್ ತಪ್ಪಿಸಲಿಲ್ಲ. ಆದರೂ ಉಳಿಯಲಿಲ್ಲ, ದೀಪಾವಳಿಗೆ ಮೊದಲೇ ಹೋದಳು. ಅಲ್ಲಿಯವರೆಗೆ ನಾನು ಹೋದಾಗಲೆಲ್ಲ ಮಂಚದ ಹತ್ತಿರ ಕರೆದು, ನನ್ನ ಎದೆಗೆ ಕಿವಿಯಿಟ್ಟು ಉಸಿರು ಕೇಳಿಸಿಕೊಳ್ಳುತ್ತಿದ್ದಳು.

"ನಿನಗೇನೂ ಕೆಮ್ಮಿಲ್ಲ ಹೌದಿಲ್ಲೋ?" ಎನ್ನುತ್ತಿದ್ದಳು.