ಗಡ್ಡದ ಹುಲ್ಲಿಗೆ ತವರು ಯಾವುದು?

ಬೆಳಕು ಹರಿಯುವ ಮುನ್ನವೇ ಹುಲ್ಲಿನ ಮನೆಯ ಬಾಗಿಲು ಕಿರುಗುಟ್ಟುತ್ತದೆ. ಗಾಜಿನ ಛಾವಣಿಯ ಉದ್ದನೆಯ ಕೋಣೆ. ಸಾಲುಸಾಲು ಕುಂಡ, ಕುಂಡದ ತುಂಬ ಹುಲ್ಲು. ಎಲ್ಲರೂ ‘ಹುಲ್ಲಕ್ಕ’ ಎಂದು ಕರೆಯುವ ಹೆಂಗಸು ಮೂಲೆಯ ಕಬ್ಬಿಣದ ಬೀರುವಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಬಾಗಿಲನ್ನು ಅಂಗೈಯಗಲ ತೆರೆದು, ಒಳಗಿನ ಕತ್ತಲಿಗೆ ಕತ್ತರಿ ಹಿಡಿದ ಕೈ ಹಾಕುತ್ತಾರೆ.

ಎಲೆ ಕತ್ತರಿಸುವ ಮುನ್ನ ಹುಲ್ಲನ್ನು ಎರಡು ದಿನ ಕತ್ತಲಲ್ಲಿಡುವುದು ಇಲ್ಲಿನ ಕ್ರಮ. ಎಲೆಯೊಳಗಿನ ಪಿಷ್ಟ ಕರಗದಿದ್ದರೆ ಮುಂದಿನ ಪರೀಕ್ಷೆಯೆಲ್ಲ ಅಂಟುಅಂಟು. “ಎರಡು ದಿನ ಉಪವಾಸ ಕೆಡವ್ತೀನಿ, ಪಾಪ,” ಎನ್ನುತ್ತಾರೆ ಹುಲ್ಲಕ್ಕ. “ಆದ್ರೆ ಬಿಸಿಲು ಬಿದ್ರೆ ಸಾಕು, ಮತ್ತೆ ಅಡುಗೆ ಶುರು ಮಾಡ್ಕೋತವೆ. ಅದಕ್ಕೇ ಸೂರ್ಯನಿಗಿಂತ ಮುಂಚೆ ಬರ್ತೀನಿ.”

ಆದರೆ ಇವತ್ತು ಬೀರುವಿನಲ್ಲಿರುವುದು ಒಂದೇ ಕುಂಡ. ಪಕ್ಕದಲ್ಲಿ ಪ್ರಯೋಗಾಲಯದ ಮೇಡಂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದಾರೆ.

ಯಾವ ಹುಲ್ಲಿಗೆ ಯಾವುದು ನೆಂಟ ಎಂದು ಪತ್ತೆ ಮಾಡುವುದು ಇಲ್ಲಿನ ಕೆಲಸ. ಎಲೆಯಲ್ಲಿ ಬಿಸಿಲು ಹಿಡಿದು ಅನ್ನ ಮಾಡುವ ಹಸಿರು ಕಣಗಳಿವೆ, ಕ್ಲೋರೋಪ್ಲಾಸ್ಟ್ ಅಂತ. ಆ ಕಣಗಳೊಳಗೆ ಅವುಗಳದೇ ಒಂದು ಬರಹವಿದೆ. ಸುಮಾರು ಒಂದು ಲಕ್ಷದ ನಲವತ್ತು ಸಾವಿರ ಅಕ್ಷರ. ಎರಡು ಹುಲ್ಲುಗಳ ಬರಹವನ್ನು ಅಕ್ಕಪಕ್ಕ ಇಟ್ಟು ಓದಿದರೆ ಅವು ಅಕ್ಕತಂಗಿಯರೋ ದೂರದ ನೆಂಟರೋ ತಿಳಿಯುತ್ತದೆ. ಓದುವುದು ಮೇಡಂ. ಬೆಳೆಸಿ, ಉಪವಾಸ ಕೆಡವಿ, ಕತ್ತರಿಸಿ, ಮಂಜುಗಡ್ಡೆಯ ಮೇಲಿಟ್ಟು ಅರೆದು ಕೊಡುವುದು ಹುಲ್ಲಕ್ಕ. ಓದಿದವರ ಹೆಸರು ಅಚ್ಚಾಗುತ್ತದೆ, ಅರೆದವರ ಬೆರಳು ಚಳಿಗೆ ಸೀಳುತ್ತದೆ. ಅದರ ಮೇಲೆ ಹುಲ್ಲಕ್ಕನಿಗೆ ಹುಲ್ಲಿನ ಪರಾಗ ಕಂಡರೆ ಆಗದು. ಹೂ ಬಿಡುವ ಕಾಲದಲ್ಲಿ ಸೀನಿ ಸೀನಿ ಸುಸ್ತಾಗುತ್ತಾರೆ, ಆದರೂ ರಜೆ ಹಾಕುವುದಿಲ್ಲ.

ಇಲ್ಲಿ ಕುಂಡಗಳನ್ನು ಜೋಡಿಸುವುದು ಅಂದ ನೋಡಿ ಅಲ್ಲ, ನೆಂಟಸ್ತಿಕೆ ನೋಡಿ. ಹೊಸ ಫಲಿತಾಂಶ ಬಂದಾಗಲೆಲ್ಲ ಹುಲ್ಲಕ್ಕ ಕುಂಡ ಎತ್ತಿ ಹೊಸ ನೆಂಟರ ಪಕ್ಕ ಇಡುತ್ತಾರೆ. “ಮನೇಲೂ ಅದೇ ಚಾಳಿ,” ಎಂದು ನಗುತ್ತಾರೆ ಬಸ್ ಓಡಿಸುವ ಅವರ ಯಜಮಾನರು. “ನಾನು ಚಪ್ಪಲಿ ಎಲ್ಲಿ ಬಿಟ್ರೂ ಇವ್ಳು ತೆಗೆದು ಅದರ ಅಣ್ಣತಮ್ಮಂದಿರ ಪಕ್ಕ ಇಡ್ತಾಳೆ!”

ಎಡವಟ್ಟಾದದ್ದು ಒಂದು ಕುಂಡದಿಂದ. ತೆನೆಯಲ್ಲಿ ಉದ್ದುದ್ದ ಕೂದಲು ಬರುವ ಅದಕ್ಕೆ ಹುಲ್ಲಕ್ಕ ಇಟ್ಟ ಹೆಸರು ‘ಗಡ್ಡದ ಹುಲ್ಲು’. ಕಿಟಕಿಯ ಸಾಲಿನಲ್ಲಿ ಇತರ ಗಡ್ಡದವರ ಜೊತೆ ಇತ್ತು. ಫಲಿತಾಂಶ ನೋಡಿದರೆ ಅದರ ಕ್ಲೋರೋಪ್ಲಾಸ್ಟ್ ಬರಹ ಬಾಗಿಲ ಸಾಲಿನ ಬೋಳು ತೆನೆಯವರದು! ಅನುಮಾನ ಬಿದ್ದದ್ದು ಹುಲ್ಲಕ್ಕನ ಕೈಯ ಮೇಲೆ. ಆ ದಿನ ಬೀರುವಿನಲ್ಲಿ ಬೋಳು ಹುಲ್ಲೂ ಇತ್ತು. ತೆನೆ ಬರುವ ಮುನ್ನ ಎರಡರ ಎಲೆಯೂ ಒಂದೇ ಅಚ್ಚು. ಕತ್ತಲಲ್ಲಿ ತಡಕಾಡಿ ಪಕ್ಕದ ಕುಂಡದ ಎಲೆ ಕತ್ತರಿಸಿದ್ದರೆ? ಹಾಗಾಗಿದ್ದರೆ ಆ ಬೀರುವಿನಿಂದ ಬಂದ ಎರಡು ವರ್ಷದ ಎಲೆಯೆಲ್ಲ ಕಸದ ಬುಟ್ಟಿಗೆ. ಕತ್ತರಿಯೂ ಬೇರೆಯವರ ಕೈಗೆ.

“ಇಲ್ಲ ಅಂತ ಎದೆ ತಟ್ಟಿ ಹೇಳೋಣ ಅಂದ್ರೆ ಧೈರ್ಯ ಬರಲ್ಲ,” ಎನ್ನುತ್ತಾರೆ ಹುಲ್ಲಕ್ಕ. “ಕತ್ತಲಲ್ಲಿ ನನ್ನ ಕೈ ಏನು ಮಾಡ್ತೋ ನಾನು ನೋಡಿಲ್ವಲ್ಲ. ಯೋಚನೆ ಮಾಡಿದಷ್ಟೂ ತಲೆ ಗೊಂದಲದ ಗೂಡು. ಮಗಳು ಕೇಳ್ತಾಳೆ, ಅಮ್ಮಾ, ನಿಂಗೆ ಹೇಗನ್ಸತ್ತೆ ಅಂತ. ಬೆಳಗ್ಗೆ ತಪ್ಪು ಮಾಡಿಲ್ಲ ಅನ್ಸತ್ತೆ, ಸಂಜೆ ಮಾಡಿದೀನಿ ಅನ್ಸತ್ತೆ.”

ಅದಕ್ಕೇ ಇವತ್ತು ಬೀರುವಿನಲ್ಲಿ ಗಡ್ಡದ ಹುಲ್ಲೊಂದನ್ನೇ ಇಟ್ಟು ಈ ಮರುಪರೀಕ್ಷೆ. ಮೂರು ವಾರಕ್ಕೆ ಫಲಿತಾಂಶ ಬರುತ್ತದೆ. ಮೇಡಂ ಕರೆದಾಗ ಹುಲ್ಲಕ್ಕ ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಓಡುತ್ತಾರೆ.

“ಕೂತ್ಕೊಳ್ಳಿ ಅಕ್ಕ. ಅದೇ ಬಂದಿದೆ. ಬೋಳು ಹುಲ್ಲಿನದೇ. ನಿಮ್ಮ ಕೈ ತಪ್ಪಿಲ್ಲ.”

ಹುಲ್ಲಕ್ಕನಿಗೆ ಅಳು ಬರುತ್ತದೆ. ಮೇಡಂ ಮುಂದುವರಿಸುತ್ತಾರೆ: ಅದೇ ಎಲೆಯ ಜೀವಕೋಶದ ನಡುಬೀಜದಲ್ಲಿ, ಅಂದರೆ ನ್ಯೂಕ್ಲಿಯಸ್‌ನಲ್ಲಿ, ತಂದೆತಾಯಿ ಇಬ್ಬರಿಂದಲೂ ಬರುವ ಇನ್ನೊಂದು ಬರಹವಿದೆ, ಅದು ಇದನ್ನು ಗಡ್ಡದವರ ಮನೆಗೇ ಸೇರಿಸುತ್ತದೆ. ಹುಲ್ಲುಗಳಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ಸಾಮಾನ್ಯವಾಗಿ ತಾಯಿಯಿಂದ ಮಾತ್ರ. ಎಂದೋ ಒಂದು ಕಾಲದಲ್ಲಿ ಬೋಳು ಹುಲ್ಲಿನ ಮೇಲೆ ಗಡ್ಡದ ಹುಲ್ಲಿನ ಪರಾಗ ಬಿದ್ದು, ಅದರ ಮಕ್ಕಳು ಮೊಮ್ಮಕ್ಕಳ ಮೇಲೂ ಮತ್ತೆ ಮತ್ತೆ ಬಿದ್ದು, ಈ ಸಂತಾನ ಆಗಿರಬಹುದು. “ಅಥವಾ ನಮಗೆ ಗೊತ್ತಿಲ್ಲದ್ದು ಇನ್ನೇನೋ. ನಂಗೂ ತಲೆಬುಡ ಅರ್ಥ ಆಗ್ತಿಲ್ಲ.”

“ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ಇದು ಒಂಚೂರೂ ತಾಯಿ ಥರ ಇಲ್ವಲ್ಲ ಮೇಡಂ!”

ಮಧ್ಯಾಹ್ನ ಹುಲ್ಲಕ್ಕ ಕುಂಡವನ್ನು ಸೊಂಟದ ಮೇಲಿಟ್ಟುಕೊಂಡು ಕಿಟಕಿಯ ಸಾಲಿಗೆ ಹೋಗುತ್ತಾರೆ, ನಿಲ್ಲುತ್ತಾರೆ, ಬಾಗಿಲ ಸಾಲಿಗೆ ಬರುತ್ತಾರೆ. ಎರಡೂ ಕಡೆ ಜಾಗ ಮಾಡಿಟ್ಟಿದ್ದಾರೆ. ಈಗಲಾದರೂ ನೆಮ್ಮದಿಯೇ ಎಂದು ಕೇಳಿದರೆ ಕುಂಡ ಕೆಳಗಿಡದೆಯೇ ಉತ್ತರಿಸುತ್ತಾರೆ.

“ನನ್ನ ಕೈ ಸುಳ್ಳು ಹೇಳಿಲ್ಲ, ಆ ಖುಷಿ ಇದೆ. ಆದ್ರೆ ತಪ್ಪು ನಂದೇ ಆಗಿದ್ರೆ ಸುಲಭ ಇತ್ತು ನೋಡಿ. ಒಂದಷ್ಟು ಬೈಸ್ಕೊಂಡು ಮುಗಿಸ್ಬಹುದಿತ್ತು. ಈಗ ಇದನ್ನ ಯಾರ ಮನೆಗೆ ಕಳಿಸ್ಲಿ, ನೀವೇ ಹೇಳಿ?”