ತೊಗರಿ ಹೊಲದ ಚಿಗರಿ ಮರಿ

ಇವತ್ತು ಔರಾದಿಗೆ ಹೋಗುವಾಗ ಬಸ್ಸಿನಿಂದ ಚಿಗರಿ ಜಿಂಕೆಗಳ ಹಿಂಡು ಕಂಡಿತು. ಮನಸ್ಸು ಸೀದಾ ಮಾವಶಿಯ ತೊಗರಿ ಹೊಲಕ್ಕೆ ಹೋಯಿತು.

ಆಗ ಅವ್ವ ಬೀದರಿನಲ್ಲಿ ನರ್ಸ್ ತರಬೇತಿಯಲ್ಲಿದ್ದಳು. ಔರಾದಿನಲ್ಲಿ ನನ್ನನ್ನು ಸಾಕುತ್ತಿದ್ದವಳು ಅವಳ ತಂಗಿ, ನನ್ನ ಮಾವಶಿ. ಒಂದು ದಿನ ತೊಗರಿ ಸಾಲಿನಲ್ಲಿ ಮಲಗಿದ್ದ ಚಿಗರಿ ಮರಿಯನ್ನು ಎತ್ತಿಕೊಂಡು ಬಂದೆ. ಮೈ ಬೆಚ್ಚಗಿತ್ತು, ಹಾಲಿನ ವಾಸನೆ ಬರುತ್ತಿತ್ತು.

“ಇದಕ್ಕ ಯಾರೂ ಇಲ್ಲ. ನಾನೇ ಸಾಕ್ತೇನಿ,” ಅಂದೆ.

“ಅದರವ್ವ ಮೇಯ್ಲಾಕ ಹೋಗ್ಯಾಳ. ಎಲ್ಲಿತ್ತೋ ಅಲ್ಲೇ ಇಟ್ಟು ಬಾ,” ಅಂದಳು ಮಾವಶಿ.

ಇಟ್ಟು ಬಂದ ಮೇಲೆ ಇಬ್ಬರೂ ದೂರದ ಬದುವಿನ ಹಿಂದೆ ಕೂತೆವು. ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಚಿಗರಿ ಬಂತು. ಮರಿ ತಟ್ಟನೆ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು.

“ನಮ್ಮವ್ವ ಯಾವಾಗ ಬರ್ತಾಳ?” ಎಂದು ಕೇಳಿದೆ.

ಮಾವಶಿ ನನ್ನ ಕೈಗೆ ಹತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿ, ಮನೆಯವರೆಗೂ ಸೊಂಟದ ಮೇಲೆ ಹೊತ್ತುಕೊಂಡು ನಡೆದಳು. ಎತ್ತಿಸಿಕೊಳ್ಳುವ ವಯಸ್ಸು ನನಗೆ ಆಗಲೇ ದಾಟಿತ್ತು.

ಮರುವರ್ಷ ಅವ್ವ ಬಂದು ನನ್ನನ್ನು ಬೀದರಿಗೆ ಕರೆದೊಯ್ದಳು. ನಾನು ಕುಣಿಯುತ್ತಲೇ ಹೊರಟೆ. ಮಕ್ಕಳಿಲ್ಲದ ಮಾವಶಿ ಅವತ್ತು ಸಂಜೆ ಆ ಮನೆಯೊಳಗೆ ಹೇಗೆ ಕಾಲಿಟ್ಟಳೋ ಎಂದು ಇವತ್ತಷ್ಟೇ ಯೋಚಿಸಿದೆ. ಕೇಳೋಣವೆಂದರೆ ಈಗ ಅವಳಿಲ್ಲ.